ಮೈಯ ಲೆಕ್ಕ ಯಾರದು?

ಮೈಯ ಮಾತು ಕೇಳಬೇಕೋ, ಕೈಗಡಿಯಾರದ ಮಾತು ಕೇಳಬೇಕೋ? ದೂರ ಓಡುವವರು, ದೂರ ಸೈಕಲ್ ತುಳಿಯುವವರು ಇಂದು ಈ ಪ್ರಶ್ನೆ ಕೇಳುತ್ತಿದ್ದಾರೆ. ಮೇಲುನೋಟಕ್ಕೆ ಇದು ಹೊಟ್ಟೆ ತುಂಬಿದವರ ಪ್ರಶ್ನೆ. ಬೆಂಗಳೂರಿನ ಕೆರೆಯ ದಂಡೆಯ ಮೇಲೆ ಬೆಳಿಗ್ಗೆ ಓಡುವ, ಕೈಗೆ ದುಬಾರಿ ಗಾರ್ಮಿನ್ ಕಟ್ಟಿಕೊಂಡ ಮಂದಿಯ ಪ್ರಶ್ನೆ. ನಮ್ಮಂಥ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಗೆಳೆಯರು ಕೇಳಬಹುದು. ನಾವು ಹೇಳುವುದಿಷ್ಟೆ: ಮೈಯನ್ನು ಯಾರು ಅಳೆಯಬೇಕು, ದಣಿವಿನ ಬಗ್ಗೆ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆ ಮೊದಲು ಹುಟ್ಟಿದ್ದು ಕೆರೆಯ ದಂಡೆಯ ಮೇಲಲ್ಲ. ಅದು ಗೌಡರ ಹೊಲದಲ್ಲಿ, ಸಾಹುಕಾರರ ಗೋದಾಮಿನಲ್ಲಿ ಹುಟ್ಟಿದ್ದು. ನಮ್ಮ ಹಿರಿಯರ ಬೆನ್ನ ಮೇಲೆ ಬೆಳೆದದ್ದು. ಹಾಗಾಗಿ ಇದಕ್ಕೆ ಉತ್ತರ ಹುಡುಕುವ ಹಕ್ಕೂ ಹೊಣೆಯೂ ನಮಗಿದೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಈ ಊರುಗಳ ಹೊರರಸ್ತೆಗೆ ನಸುಕಿನಾಗ ಹೋಗಿ ನಿಂತು ನೋಡ್ರಿ. ಕೇರಿಯ ಹುಡುಗರು, ತಾಂಡಾದ ಹುಡುಗರು, ಹಮಾಲರ ಮಕ್ಕಳು, ನೇಕಾರರ ಮಕ್ಕಳು ಓಡುತ್ತಿರುತ್ತಾರೆ. ಆರೋಗ್ಯಕ್ಕಾಗಿ ಓಡುವವರು ಅವರಲ್ಲಿ ಕಡಿಮೆ. ಹೆಚ್ಚಿನವರು ಓಡುವುದು ನೌಕರಿಗಾಗಿ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ ಗಂಡುಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ. ಸೇನೆಯ ಭರ್ತಿಗೂ ಓಟ ಬೇಕು. ಇನ್ನು ಸೈಕಲ್ ನಮ್ಮ ಜಿಲ್ಲೆಗೆ ಹೊಸದಲ್ಲ. ಗದಗ, ಬಾಗಲಕೋಟೆ, ವಿಜಯಪುರದ ಕ್ರೀಡಾ ನಿಲಯಗಳಿಂದ ರೈತರ, ಕೂಲಿಯವರ ಮಕ್ಕಳು ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. 2021ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ಗದಗಿನಲ್ಲೇ ನಡೆಯಿತು. ಈ ಮಕ್ಕಳ ಕೈಯಲ್ಲೂ ಈಗ ಗಡಿಯಾರ ಬಂದಿದೆ. ಸಾವಿರ, ಎರಡು ಸಾವಿರ ರೂಪಾಯಿಯ ಪಟ್ಟಿ. ಇಲ್ಲದವರು ಗೆಳೆಯನ ಮೊಬೈಲನ್ನು ಕಿಸೆಯಲ್ಲಿ ಹಾಕಿಕೊಂಡು ಓಡುತ್ತಾರೆ. ಓಟ ಮುಗಿದ ಮೇಲೆ ಮೊದಲು ನೋಡುವುದು ಅದನ್ನೇ. “ಎಷ್ಟ ತೋರಿಸೇತಿ?” ಎಂದು ಕೇಳುತ್ತಾರೆ. “ಹ್ಯಾಂಗ ಆತು?” ಎಂದು ಕೇಳುವುದು ಕಡಿಮೆಯಾಗಿದೆ.

ಈ ಗಡಿಯಾರ ಏನು ಮಾಡುತ್ತದೆ ಎಂಬುದನ್ನು ಮೊದಲು ಬಿಡಿಸಿ ನೋಡೋಣ. ಅದರ ಹೊಟ್ಟೆಯಲ್ಲಿ ಹಸಿರು ಬೆಳಕು ಇದೆ. ಆ ಬೆಳಕು ಚರ್ಮದೊಳಕ್ಕೆ ಹೋಗುತ್ತದೆ. ಎದೆ ಬಡಿದಾಗಲೆಲ್ಲ ಮಣಿಕಟ್ಟಿನ ಸಣ್ಣ ನರಗಳಲ್ಲಿ ರಕ್ತ ಏರುತ್ತದೆ, ಇಳಿಯುತ್ತದೆ. ರಕ್ತ ಹೆಚ್ಚಿದ್ದಾಗ ಬೆಳಕು ಹೆಚ್ಚು ಹೀರಿಹೋಗುತ್ತದೆ, ಕಡಿಮೆ ಇದ್ದಾಗ ಹೆಚ್ಚು ತಿರುಗಿ ಬರುತ್ತದೆ. ಈ ಏರಿಳಿತವನ್ನು ಎಣಿಸಿ ಗಡಿಯಾರ ಎದೆಬಡಿತ ಹೇಳುತ್ತದೆ. ಅಂದರೆ ಅದು ಎದೆಯನ್ನು ಕಾಣುವುದಿಲ್ಲ, ಮಣಿಕಟ್ಟಿನ ನೆರಳನ್ನು ಓದುತ್ತದೆ. ಪಟ್ಟಿ ಸಡಿಲಾದರೆ, ಚಳಿಗೆ ಕೈ ತಣ್ಣಗಾದರೆ, ಕೈ ಜೋರಾಗಿ ಬೀಸಿದರೆ ಲೆಕ್ಕ ತಪ್ಪುತ್ತದೆ. ಕೆಲವೊಮ್ಮೆ ಕಾಲಿನ ಹೆಜ್ಜೆಯ ಲಯವನ್ನೇ ಎದೆಯ ಲಯ ಎಂದು ತಿಳಿದು ನಿಮಿಷಕ್ಕೆ 170, 180 ಎಂದು ಬರೆದುಬಿಡುತ್ತದೆ. ಹುಡುಗ ಹಗುರಾಗಿ ಮಾತಾಡುತ್ತ ಓಡುತ್ತಿರುತ್ತಾನೆ. ಗಡಿಯಾರ ಮಾತ್ರ ಅಪಾಯ ಎಂದು ಕೆಂಪಗಾಗುತ್ತದೆ.

ಎದೆಬಡಿತದ ಗರಿಷ್ಠ ಮಿತಿ ತಿಳಿಯಲು ಒಂದು ಸೂತ್ರ ಎಲ್ಲ ಕಡೆ ಚಾಲ್ತಿಯಲ್ಲಿದೆ: 220ರಲ್ಲಿ ವಯಸ್ಸು ಕಳೆಯಿರಿ. ಇಪ್ಪತ್ತರ ಹುಡುಗನಿಗೆ 200. ಇದೇನು ದೇವರು ಬರೆದ ಲೆಕ್ಕವಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯರು ಅದುವರೆಗಿನ ಕೆಲವು ಅಂಕಿಗಳನ್ನು ಒಟ್ಟು ಹಾಕಿ ಎಳೆದ ಅಂದಾಜಿನ ಗೆರೆ. ಒಬ್ಬೊಬ್ಬ ಮನುಷ್ಯನಿಗೆ ಹಚ್ಚಿದಾಗ ಹತ್ತು-ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. ಆ ಅಂದಾಜಿನ ಮೇಲೆ ಗಡಿಯಾರ ಹಸಿರು, ಹಳದಿ, ಕೆಂಪು ಪಟ್ಟಿಗಳ ಮನೆ ಕಟ್ಟುತ್ತದೆ. ಅಂದಾಜು ಎಂದು ಹೇಳಿ ಕೊಟ್ಟರೆ ತಕರಾರಿಲ್ಲ. ಕಾನೂನು ಎಂದು ಕೊಟ್ಟಾಗ ತಕರಾರು.

ಮೈಯ ಮಾತಿಗೂ ಒಂದು ಶಾಸ್ತ್ರ ಉಂಟು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನರ್ ಬೋರ್ಗ್ 1960ರ ದಶಕದಲ್ಲಿ ಒಂದು ಅಳತೆಪಟ್ಟಿ ಮಾಡಿದ. 6ರಿಂದ 20ರವರೆಗೆ. ದುಡಿಯುವವನನ್ನೇ ಕೇಳುವುದು: ಎಷ್ಟು ಕಷ್ಟವಾಗುತ್ತಿದೆ? ಏನೂ ಇಲ್ಲ ಎಂದರೆ 6, ಇನ್ನಾಗದು ಎಂದರೆ 20. ಆರೋಗ್ಯವಂತ ಯುವಕ ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಅವನ ಎದೆಬಡಿತಕ್ಕೆ ಹೆಚ್ಚುಕಡಿಮೆ ಹತ್ತಿರ ಬರುತ್ತದೆ. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ತರಬೇತಿಯ ಹೊರೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ರಕ್ತಪರೀಕ್ಷೆ, ಎದೆಬಡಿತಗಳಿಗಿಂತ ಕ್ರೀಡಾಪಟುವೇ ಹೇಳುವ ಮಾತು—ನಿದ್ದೆ ಹೇಗೆ, ಮನಸ್ಸು ಹೇಗೆ, ಮೈನೋವು ಎಷ್ಟು—ಹೆಚ್ಚು ಸೂಕ್ಷ್ಮವಾಗಿ ಹಿಡಿಯುತ್ತದೆ ಎಂದು ಅವರಿಗೆ ಕಂಡಿತು.

ಹಾಗಾದರೆ ಉತ್ತರ ಸಿಕ್ಕಿತಲ್ಲ, ಗಡಿಯಾರ ಬಿಚ್ಚಿಟ್ಟು ಮೈಯ ಮಾತು ಕೇಳಿರಿ ಎಂದು ಯಾರಾದರೂ ಉಪದೇಶ ಮಾಡಬಹುದು. ಅಲ್ಲಿಯೇ ನಮ್ಮ ಪ್ರಶ್ನೆ ಶುರುವಾಗುತ್ತದೆ.

ಯಾರ ಮೈ? ಕನ್ನಡದಲ್ಲಿ ಒಂದು ಬೈಗುಳ ಇದೆ: ಮೈಗಳ್ಳ. ದಣಿದಾಗ ಕೂತವನು, ಬಿಸಿಲು ನೆತ್ತಿಗೆ ಬಂದಾಗ ಮರದ ಬುಡಕ್ಕೆ ಸರಿದವನು, ಜ್ವರ ಎಂದು ಹೊಲಕ್ಕೆ ಬಾರದವನು ಮೈಗಳ್ಳ. ಈ ಮಾತನ್ನು ಒಮ್ಮೆ ತಡೆದು ನಿಲ್ಲಿಸಿ ನೋಡಬೇಕು. ಕಳ್ಳತನ ಅಂದರೆ ಇನ್ನೊಬ್ಬರ ವಸ್ತು ಕದಿಯುವುದು. ತನ್ನ ಮೈಯನ್ನು ತಾನು ಉಳಿಸಿಕೊಂಡವನು ಕಳ್ಳ ಹೇಗಾದ? ಆ ಮೈ ಅವನದಲ್ಲ, ಧಣಿಯದು ಎಂದು ಮೊದಲೇ ತೀರ್ಮಾನವಾಗಿದ್ದರೆ ಮಾತ್ರ ಆ ಬೈಗುಳಕ್ಕೆ ಅರ್ಥ ಬರುತ್ತದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಕಾಯ್ದೆ ಬಂತು, ಮಾತು ಉಳಿಯಿತು. ನಮ್ಮ ಮನೆಗಳಲ್ಲಿಯೇ ಉಳಿಯಿತು. ಮಗ ಇನ್ನೊಂದು ತಾಸು ಮಲಗಿದರೆ ಅಪ್ಪನೇ ಮೈಗಳ್ಳ ಅನ್ನುತ್ತಾನೆ. ತಲೆಮಾರುಗಳಿಂದ ದಣಿವನ್ನು ಬಾಯಿಬಿಟ್ಟು ಹೇಳಬಾರದು ಎಂದು ಕಲಿತ ಮೈ ಅದು. ಹಸಿವಾದರೆ ಹೇಳಬಾರದು. ನೋವಾದರೆ ಹೇಳಬಾರದು. ಹೇಳಿದರೆ ಅಂದಿನ ಕೂಲಿ ಇಲ್ಲ. ಇಂಥ ಮೈಗೆ ಹೋಗಿ ‘ನಿನ್ನ ಒಳದನಿ ಕೇಳಿಕೋ’ ಎಂದರೆ ಅದಕ್ಕೆ ಏನು ಕೇಳೀತು? ಸಾಹುಕಾರನ ದನಿಯೇ ಒಳದನಿಯಾಗಿ ಕೂತಿರುತ್ತದೆ: “ಏಳಲೇ, ಇನ್ನೂ ಎಷ್ಟೊತ್ತು?”

ಇದು ಬರಿ ಮಾತಿನ ಚಮತ್ಕಾರವಲ್ಲ. 2024ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಜಾರ್ಖಂಡ್ ರಾಜ್ಯದಲ್ಲಿ ಅಬಕಾರಿ ಕಾನ್‌ಸ್ಟೇಬಲ್ ಭರ್ತಿಗೆ ದೈಹಿಕ ಪರೀಕ್ಷೆ ನಡೆಯಿತು. ಗಂಡಸರು 10 ಕಿಲೋಮೀಟರನ್ನು 60 ನಿಮಿಷದಲ್ಲಿ ಓಡಬೇಕಿತ್ತು. ಆ ಓಟದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಕಾರಣಗಳ ಬಗ್ಗೆ ವಾದ ಎದ್ದವು: ಸೆಕೆ, ರಾತ್ರಿಯಿಂದ ಸರದಿಯಲ್ಲಿ ಕಾಯುವಿಕೆ, ಯಾರೋ ತಿನ್ನಿಸಿದ ಮದ್ದು. ಓಟವನ್ನು ಕೆಲ ದಿನ ನಿಲ್ಲಿಸಬೇಕಾಯಿತು. ಆ ಹುಡುಗರ ಮೈ ಅವರಿಗೆ ಏನೂ ಹೇಳಲಿಲ್ಲವೇ? ಹೇಳಿಯೇ ಹೇಳಿರುತ್ತದೆ. ಕಣ್ಣಿಗೆ ಕತ್ತಲೆ ಬಂದಿರುತ್ತದೆ, ನಾಲಗೆ ಒಣಗಿರುತ್ತದೆ, ಬೆವರು ನಿಂತು ಮೈ ಕಾದಿರುತ್ತದೆ. ಆದರೆ ನಿಂತರೆ ನೌಕರಿ ಹೋಯಿತು. ಮನೆಯಲ್ಲಿ ಅವ್ವ ಕಾದಿದ್ದಾಳೆ, ಅಕ್ಕನ ಮದುವೆ ಇದೆ, ಸಾಲ ಇದೆ. ಮೈಯ ಮಾತನ್ನು ಕೇಳಿಸಿಕೊಳ್ಳುವುದಕ್ಕೂ ಒಂದು ಆಸ್ತಿ ಬೇಕು: ನಿಲ್ಲುವ ಸ್ವಾತಂತ್ರ್ಯ. ಕೆರೆಯ ದಂಡೆಯ ಓಟಗಾರನಿಗೆ ಅದು ಹುಟ್ಟಿನಿಂದಲೇ ಇದೆ. ನಮ್ಮ ಹುಡುಗರಿಗೆ ಅದನ್ನು ಯಾರೂ ಕೊಟ್ಟಿಲ್ಲ.

ಹಾಗೆಂದು ನಮ್ಮ ಜನಕ್ಕೆ ಮೈಯ ಅರಿವು ಇಲ್ಲ ಎಂದರೆ ಅದೂ ಸುಳ್ಳು. ಗದಗಿನ ಮಾರುಕಟ್ಟೆಯ ಹಮಾಲರನ್ನು ನೋಡಿರಿ. ಮೂಟೆ ಬೆನ್ನಿಗೆ ಬೀಳುವ ಗಳಿಗೆಯಲ್ಲಿ ಉಸಿರನ್ನು ಎಲ್ಲಿ ಹಿಡಿಯಬೇಕು, ಎಷ್ಟನೆಯ ಹೆಜ್ಜೆಗೆ ಬಿಡಬೇಕು ಎಂಬುದು ಅವರಿಗೆ ಗೊತ್ತು. ಮೊದಲ ಲಾರಿಗೇ ಕಸುವೆಲ್ಲ ಸುರಿದವನು ನಾಲ್ಕನೆಯ ಲಾರಿಗೆ ಇರುವುದಿಲ್ಲ ಎಂಬುದೂ ಗೊತ್ತು. ಬೆಟಗೇರಿಯ ಕೈಮಗ್ಗದಲ್ಲಿ ಕುಳಿತವರಿಗೆ ಕಾಲು ತುಳಿಯುವ ಲಯವೇ ಗಡಿಯಾರ. ಲಯ ತಪ್ಪಿದರೆ ಎಳೆ ಹರಿಯುತ್ತದೆ, ಎಳೆ ಹರಿದಾಗ ಮೈ ದಣಿದಿದೆ ಎಂದು ತಿಳಿಯುತ್ತದೆ. ಯುಗಾದಿಗೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವವರಿದ್ದಾರೆ. ನೂರಾರು ಕಿಲೋಮೀಟರು. ನಸುಕಿಗೆ ಎದ್ದು ನಡೆಯುತ್ತಾರೆ, ಬಿಸಿಲೇರಿದಾಗ ನೆರಳಿಗೆ ಬೀಳುತ್ತಾರೆ, ಇಳಿಹೊತ್ತಿಗೆ ಮತ್ತೆ ಏಳುತ್ತಾರೆ. ಗುಂಪಿನ ಹೆಜ್ಜೆಯನ್ನು ಗುಂಪಿನೊಳಗಿನ ನಿಧಾನದವರಿಗೆ ಹೊಂದಿಸುತ್ತಾರೆ. ಭಕ್ತಿಯ ಮಾತು ಬದಿಗಿಡೋಣ. ದೂರದ ನಡಿಗೆಯ ಶಾಸ್ತ್ರ ಅದರಲ್ಲಿದೆ. ಕ್ರೀಡಾ ವಿಜ್ಞಾನ ಇಂಗ್ಲಿಷಿನಲ್ಲಿ ಹೇಳುವುದೂ ಅದನ್ನೇ: ಮೊದಲು ತಡೆದುಕೋ, ಸೆಕೆಯನ್ನು ತಪ್ಪಿಸು, ಮಾತಾಡಲು ಬರುವಷ್ಟು ವೇಗದಲ್ಲಿ ಹೆಚ್ಚಿನ ದೂರ ಸಾಗು.

ದಣಿವಿಗೆ ನಮ್ಮ ಆಡುಮಾತಿನಲ್ಲಿ ಒಂದೇ ಹೆಸರಿಲ್ಲ. ಕಾಲು ಸೋತಾವು. ಮೈ ಭಾರ ಆಗೇತಿ. ಮೀನಖಂಡ ಹಿಡದೈತಿ. ಪಕ್ಕ ಚುಚ್ಚತೈತಿ. ಎದಿ ಡವಡವ ಅಂತೈತಿ. ಕೈಕಾಲು ಜುಮು ಅಂತಾವು. ಕಣ್ಣಿಗೆ ಕತ್ತಲಿ ಬಂತು. ಇವು ಒಂದೇ ದಣಿವಿನ ಬೇರೆ ಬೇರೆ ಹೆಸರಲ್ಲ, ಬೇರೆ ಬೇರೆ ದಣಿವುಗಳು. ಕಾಲು ಸೋತರೆ ಒಂದು ದಿನ ಬಿಟ್ಟು ಮತ್ತೆ ಓಡಬಹುದು. ಕಣ್ಣಿಗೆ ಕತ್ತಲೆ ಬಂದರೆ ಆಗಲೇ ನಿಲ್ಲಬೇಕು. ಗಡಿಯಾರ ಇವನ್ನೆಲ್ಲ ಒಂದೇ ಅಂಕಿಗೆ ಇಳಿಸುತ್ತದೆ: ‘ಚೇತರಿಕೆಗೆ 48 ತಾಸು’. ಕಾಲಿನದೋ, ನಿದ್ದೆಯದೋ, ಹೊಟ್ಟೆಯದೋ, ಮನಸ್ಸಿನದೋ ಅದಕ್ಕೆ ತಿಳಿಯದು. ಮುಂಡರಗಿಯಿಂದ ಕಪ್ಪತಗುಡ್ಡದ ಕಡೆಗೆ ಸೈಕಲ್ ತುಳಿದ ಹುಡುಗಿ ಹಿಂದಿನ ರಾತ್ರಿ ಬರಿ ಅನ್ನ-ಸಾರು ಉಂಡಿದ್ದಳೋ, ರೊಟ್ಟಿ-ಕಾಳು ಉಂಡಿದ್ದಳೋ ಅದಕ್ಕೆ ತಿಳಿಯದು.

ಇಷ್ಟು ಹೇಳಿ ಗಡಿಯಾರವನ್ನು ಕಿತ್ತೆಸೆಯಿರಿ ಎನ್ನಲು ನಾವು ಸಿದ್ಧರಿಲ್ಲ. ಯಾಕೆಂದರೆ ಅಂಕಿ ನಮ್ಮ ಶತ್ರುವಲ್ಲ. ಅಂಕಿ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಬಾಳಿದ್ದಾರೆ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವತನಕ ದುಡಿಮೆ. ಅಳೆದು ಕೊಡುವ ಸೇರು ಧಣಿಯದು. ಸಾಲದ ವಹಿಯೂ ಧಣಿಯದು. ಅಳತೆ ಇಲ್ಲದಿರುವುದು ಸ್ವಾತಂತ್ರ್ಯವಾಗಿರಲಿಲ್ಲ, ಅದು ಧಣಿಯ ಅಳತೆಯಾಗಿತ್ತು. 1942ರಿಂದ 1946ರವರೆಗೆ ವೈಸರಾಯನ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿದ ಬಾಬಾಸಾಹೇಬ ಅಂಬೇಡ್ಕರರು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದರು. 1946ರ ಆ ತಿದ್ದುಪಡಿ ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 54 ತಾಸಿನಿಂದ 48ಕ್ಕೆ ಇಳಿಸಿತು. 48 ಎಂಬುದು ಒಂದು ಅಂಕಿ. ‘ನನಗೆ ದಣಿವಾಗಿದೆ’ ಎಂದು ಕಾರ್ಮಿಕ ಹೇಳಿದರೆ ಮಾಲಿಕ ನಗುತ್ತಾನೆ. ‘48 ಮುಗಿಯಿತು’ ಎಂದರೆ ಕಾನೂನು ಅವನ ಹಿಂದೆ ನಿಲ್ಲುತ್ತದೆ. ಮೈಯ ಮಾತಿಗೆ ಬೆಲೆ ಕೊಡದ ಸಮಾಜದಲ್ಲಿ ಅಂಕಿ ಮೈಯ ವಕೀಲನಾಗಬಲ್ಲದು.

ಓಟದಲ್ಲಿಯೂ ಹೀಗೇ. ಹುಡುಗ ಹುರುಪಿನಲ್ಲಿ ಮೊದಲ ಸುತ್ತನ್ನೇ ಕಡುವೇಗದಲ್ಲಿ ಓಡುತ್ತಾನೆ. ಆಗ ಮೈ ಸುಳ್ಳು ಹೇಳುತ್ತಿರುತ್ತದೆ. ಏನೂ ಆಗಿಲ್ಲ, ನಡಿ ಅನ್ನುತ್ತದೆ. ಮೊದಲ 400 ಮೀಟರಿಗೆ ಗಡಿಯಾರ 1 ನಿಮಿಷ 15 ಸೆಕೆಂಡು ತೋರಿಸಿದರೆ ಅದು ಎಚ್ಚರಿಕೆ. 6 ನಿಮಿಷ 30 ಸೆಕೆಂಡಿಗೆ ಮುಗಿಸಲು ಸುತ್ತಿಗೆ 97 ಸೆಕೆಂಡು ಸಾಕು ಎಂದು ತಿಳಿದವನು ತಡೆದು ಓಡುತ್ತಾನೆ, ಕಡೆಯ ಸುತ್ತಿನಲ್ಲಿ ಕುಸಿಯುವುದಿಲ್ಲ. ತಿಂಗಳುಗಟ್ಟಲೆ ಬರೆದಿಟ್ಟ ಅಂಕಿಗಳು ಒಂದು ದಿನದ ಮನಸ್ಸಿಗೆ ಕಾಣದ್ದನ್ನು ತೋರಿಸುತ್ತವೆ. ‘ನನ್ನ ಕೈಲಿ ಆಗೂದಿಲ್ಲ’ ಎಂದು ಅಳುವ ಹುಡುಗಿಗೆ ಮೂರು ತಿಂಗಳ ಹಿಂದಿನ ಅವಳ ಸಮಯವನ್ನೂ ಇಂದಿನದನ್ನೂ ಪಕ್ಕಪಕ್ಕ ಇಟ್ಟು ತೋರಿಸಿರಿ. ಆಗ ಅಂಕಿ ಅವಳ ಕಣ್ಣೊರೆಸುತ್ತದೆ.

ಪ್ರಶ್ನೆ ಅಂಕಿ ಬೇಕೋ ಬೇಡವೋ ಎಂಬುದಲ್ಲ. ಅಂಕಿಯ ಜೊತೆಗೆ ಮನುಷ್ಯನ ಕೈ ಇದೆಯೋ ಇಲ್ಲವೋ ಎಂಬುದು. ಅಂಬೇಡ್ಕರರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ಬರಹದಲ್ಲಿ ಒಂದು ಪತ್ರವನ್ನು ಸೇರಿಸಿದ್ದಾರೆ. 1929ರ ಡಿಸೆಂಬರಿನಲ್ಲಿ ಗಾಂಧಿಯ ‘ಯಂಗ್ ಇಂಡಿಯಾ’ದಲ್ಲಿ ಬಂದ ಪತ್ರ ಅದು. ಬರೆದವರು ಕಾಠಿಯಾವಾಡದ ಹಳ್ಳಿಯೊಂದರ ಅಸ್ಪೃಶ್ಯ ಶಾಲಾಮಾಸ್ತರು. ಅವರ ಹೆಂಡತಿ ಹಡೆದು ಕೆಲವೇ ದಿನವಾಗಿತ್ತು, ಕಾಯಿಲೆ ಬಿದ್ದಳು. ಡಾಕ್ಟರು ಬರಲು ಒಪ್ಪಿದ, ಆದರೆ ಕೇರಿಯ ಹೊರಗೆ ಮಾತ್ರ ನೋಡುತ್ತೇನೆ ಎಂದ. ಬಾಣಂತಿಯನ್ನು ಕೂಸಿನ ಸಮೇತ ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ. ಅವನು ಮಾಸ್ತರಿಗೆ ಕೊಟ್ಟ. ಮಾಸ್ತರು ಹೆಂಡತಿಗೆ ಇಟ್ಟರು. ಅದೇ ದಾರಿಯಲ್ಲಿ ಅದು ಹಿಂತಿರುಗಿತು. ಡಾಕ್ಟರು ದೀಪದ ಬೆಳಕಿನಲ್ಲಿ ಅಂಕಿ ಓದಿ ನ್ಯುಮೋನಿಯಾ ಎಂದ, ಹೋದ. ಆ ತಾಯಿ ಬದುಕಲಿಲ್ಲ.

ಆ ಥರ್ಮಾಮೀಟರು ಸುಳ್ಳು ಹೇಳಿರಲಿಲ್ಲ. ಅಂಕಿ ಸರಿಯಾಗಿಯೇ ಇದ್ದಿರಬಹುದು. ಆದರೆ ಮುಟ್ಟದೆ ಇರುವುದಕ್ಕೆ ಅಂಕಿ ಒಂದು ಅನುಕೂಲವಾಯಿತು. ಮೈಯನ್ನು ಮುಟ್ಟಬೇಕಿಲ್ಲ, ಮಾತಾಡಿಸಬೇಕಿಲ್ಲ, ಓದಿದರೆ ಸಾಕು. ಇಂದು ತರಬೇತಿ ಕೊಡುವವರು ಮಕ್ಕಳ ಮುಖ ನೋಡದೆ ಮೊಬೈಲಿನ ಗೆರೆಗಳನ್ನು ನೋಡಿ ‘ಇವತ್ತು ನೀನು ಇನ್ನೂ ಎಂಟು ಕಿಲೋಮೀಟರು ಓಡಬಹುದು’ ಎಂದಾಗ ನಮಗೆ ಆ ದೀಪದ ಬೆಳಕು ನೆನಪಾಗುತ್ತದೆ.

ಯಂತ್ರಕ್ಕೆ ಜಾತಿ ಇಲ್ಲ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಯಂತ್ರವನ್ನು ಯಾರ ಮೈಯ ಮೇಲೆ ಪರೀಕ್ಷಿಸಿ ಮಾಡಿದರು ಎಂದು ಕೇಳಬೇಕು. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಮ್ಮ ಹಳ್ಳಿ ಹಳ್ಳಿಗೂ ಬಂತು. ಅದೂ ಚರ್ಮದ ಮೂಲಕ ಬೆಳಕು ಹಾಯಿಸಿಯೇ ಓದುವುದು. 2020ರಲ್ಲಿ ಅಮೆರಿಕದ ವೈದ್ಯರು ಒಂದು ಸಂಗತಿ ಪ್ರಕಟಿಸಿದರು: ರಕ್ತದಲ್ಲಿ ಆಮ್ಲಜನಕ ನಿಜವಾಗಿ ಇಳಿದಿದ್ದರೂ ಯಂತ್ರ ‘ಸರಿಯಿದೆ’ ಎಂದು ತೋರಿಸುವ ತಪ್ಪು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಕೈಗಡಿಯಾರದ ಎದೆಬಡಿತದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ಚರ್ಮದ ಬಣ್ಣದಿಂದ ವ್ಯತ್ಯಾಸ ಬರುತ್ತದೆ ಎಂದರೆ, ಕೆಲವು ಬಣ್ಣಕ್ಕಿಂತ ಮೈಯ ಚಲನೆಯಿಂದಲೇ ಹೆಚ್ಚು ತಪ್ಪಾಗುತ್ತದೆ ಎಂದಿವೆ. ನ್ಯಾಯವಾಗಿ ಎರಡನ್ನೂ ಹೇಳಬೇಕು. ಆದರೆ ಪಾಠ ಒಂದೇ: ಯಂತ್ರ ‘ಸರಿಯಿದೆ’ ಎಂದಾಗಲೂ ಉಸಿರು ಕಟ್ಟುತ್ತಿದೆ ಎಂದು ಮನುಷ್ಯ ಹೇಳಿದರೆ, ಮನುಷ್ಯನನ್ನು ಮೊದಲು ನಂಬಬೇಕು.

ಇನ್ನೊಂದು ಕೈಗಡಿಯಾರದ ಕತೆ ಇದೆ. 2020ರ ಹೊತ್ತಿಗೆ ನಾಗಪುರ, ಚಂಡೀಗಡ, ಪಂಚಕುಲಾ ನಗರಗಳಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿದರು. ಕಸ ಗುಡಿಸುವ ಹೆಣ್ಣುಮಗಳು ಎಲ್ಲಿ ನಿಂತಳು, ಎಷ್ಟು ಹೊತ್ತು ನಿಂತಳು ಎಂಬುದು ಕಚೇರಿಯ ಪರದೆಯ ಮೇಲೆ ಚುಕ್ಕೆಯಾಗಿ ಕಾಣುತ್ತಿತ್ತು. ಗೊತ್ತುಮಾಡಿದ ಗಡಿ ದಾಟಿದರೆ ಕೂಲಿ ಕಡಿತದ ಭಯ. ಕಾರ್ಮಿಕರು ಪ್ರತಿಭಟಿಸಿದರು. ತಂತ್ರಜ್ಞಾನ ಅದೇ. ಓಟಗಾರನ ಕೈಯಲ್ಲಿರುವುದೂ ಅದೇ ಉಪಗ್ರಹವನ್ನು ಕೇಳುವ ಗಡಿಯಾರ. ಕೆರೆಯ ದಂಡೆಯವನು ತಾನು ಎಲ್ಲಿ ಓಡಿದೆ ಎಂಬುದನ್ನು ಸ್ಟ್ರಾವಾದಲ್ಲಿ ಹೆಮ್ಮೆಯಿಂದ ಹಂಚಿಕೊಳ್ಳುತ್ತಾನೆ. ಗುಡಿಸುವವಳಿಗೆ ಅದೇ ಅಂಕಿ ಬೇಡಿ. ಅವನು ಬೇಕಾದಾಗ ಬಿಚ್ಚಿಡಬಹುದು, ಅವಳು ಬಿಚ್ಚಿಡುವಂತಿಲ್ಲ. ಅವನ ದಣಿವಿಗೆ ಅದು ವಿಶ್ರಾಂತಿ ಸೂಚಿಸುತ್ತದೆ, ಅವಳ ದಣಿವನ್ನು ಅದು ಮೈಗಳ್ಳತನ ಎಂದು ಬರೆದುಕೊಳ್ಳುತ್ತದೆ. ಆ ಹಳೆಯ ಬೈಗುಳ ಈಗ ವಿದ್ಯುತ್ತಿನಲ್ಲಿ ಓಡಾಡುತ್ತಿದೆ.

ಆದ್ದರಿಂದ ಮೈಯ ಮೇಲಿನ ಯಾವುದೇ ಅಳತೆ ಎದುರಾದಾಗ ನಾವು ಮೂರು ಪ್ರಶ್ನೆ ಕೇಳಬೇಕು. ಈ ಅಂಕಿ ಯಾರ ವಹಿಗೆ ಹೋಗುತ್ತದೆ? ಇದನ್ನು ಓದಿದ ಮೇಲೆ ನನ್ನ ಮಾತು ಕೇಳುವವರಿದ್ದಾರೆಯೇ? ಇದನ್ನು ಬೇಡ ಎನ್ನುವ ಹಕ್ಕು ನನಗಿದೆಯೇ? ಮೂರಕ್ಕೂ ಉತ್ತರ ನಮ್ಮ ಕಡೆ ಇದ್ದರೆ ಅದು ಸಾಧನ. ಇಲ್ಲದಿದ್ದರೆ ಅದು ಧಣಿಯ ಕಣ್ಣು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ಪ್ರಶ್ನೆಗಳು ಇನ್ನೂ ಹರಿತವಾಗುತ್ತವೆ. ಪುದುಕೋಟೆ ಜಿಲ್ಲೆಯ ದಲಿತ ಕುಟುಂಬದ, ಇಟ್ಟಿಗೆಭಟ್ಟಿಯಲ್ಲಿ ದುಡಿಯುವವರ ಮಗಳು ಶಾಂತಿ ಸೌಂದರರಾಜನ್ 2006ರಲ್ಲಿ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರು ಓಡಿ ಬೆಳ್ಳಿ ಗೆದ್ದರು. ಆಮೇಲೆ ಲಿಂಗಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಓಡಿದ ಕಾಲಿನ ಸಾಕ್ಷಿ ಬಿದ್ದುಹೋಯಿತು, ಪ್ರಯೋಗಾಲಯದ ಕಾಗದದ ಸಾಕ್ಷಿ ಗೆದ್ದಿತು. ಅಳತೆಯ ಮುಂದೆ ಬಡವರ ಮೈ ಎಷ್ಟು ಒಂಟಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟು ದೊಡ್ಡ ಸುದ್ದಿಯಾಗದ ಅನ್ಯಾಯ ನಮ್ಮ ಊರುಗಳಲ್ಲಿ ದಿನವೂ ನಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ. ಇಡೀ ದೇಶದಲ್ಲಿ ಶೇಕಡಾ 57. ರಕ್ತ ಕಡಿಮೆ ಇದ್ದ ಹುಡುಗಿ ಓಡಿದಾಗ ಎದೆ ಬೇಗ ಬಡಿಯುತ್ತದೆ. ಗಡಿಯಾರ ‘ನಿಮ್ಮ ಸಾಮರ್ಥ್ಯ ಕಡಿಮೆ’ ಎಂದು ಬರೆಯುತ್ತದೆ. ನೋಡುವವರು ‘ಇಕೀ ಮೈ ಬಗ್ಗಸೂದಿಲ್ಲ’ ಅನ್ನುತ್ತಾರೆ. ಅವಳೂ ಹಾಗೇ ನಂಬುತ್ತಾಳೆ. ಹುಟ್ಟಿದಾಗಿನಿಂದ ದಣಿದೇ ಇದ್ದವಳಿಗೆ ದಣಿವಿಲ್ಲದ ಮೈ ಹೇಗಿರುತ್ತದೆ ಎಂದು ಹೇಗೆ ತಿಳಿಯಬೇಕು? ಇಲ್ಲಿ ಗಡಿಯಾರವೂ ಪೂರ್ತಿ ಹೇಳುವುದಿಲ್ಲ, ಮೈಯ ಅರಿವೂ ಪೂರ್ತಿ ಹೇಳುವುದಿಲ್ಲ. ಸರಕಾರಿ ದವಾಖಾನೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಹೇಳುತ್ತದೆ. ಕಬ್ಬಿಣದ ಗುಳಿಗೆ, ಕಾಳು, ಸೊಪ್ಪು, ತತ್ತಿ ಹೇಳುತ್ತವೆ. ಮುಟ್ಟಿನ ದಿನಗಳಲ್ಲಿ ‘ಇವತ್ತು ಕಡಿಮೆ ಓಡತೀನಿ’ ಎಂದು ನಾಚದೆ ಹೇಳಲು ಬಿಡುವ ಮೈದಾನ ಹೇಳುತ್ತದೆ.

ಈಗ ಕೈಯಲ್ಲಿ ಹಿಡಿದು ಮಾಡಬಹುದಾದ ಕೆಲಸಕ್ಕೆ ಬರೋಣ. ಹಳ್ಳಿಯ ಮಾಸ್ತರರು, ಅಕ್ಕೋರು ಇದನ್ನು ನಾಳೆಯೇ ಶುರುಮಾಡಬಹುದು. ಗಡಿಯಾರ ಇದ್ದವರೂ ಮಾಡಬೇಕು, ಇಲ್ಲದವರೂ ಮಾಡಬಹುದು.

ಒಂದು ನಲವತ್ತು ಪುಟದ ನೋಟುಬುಕ್ಕು ಬೇಕು. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲು, ಮಣಿಕಟ್ಟಿಗೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ ಬರೆಯಬೇಕು. ಇದಕ್ಕೆ ಖರ್ಚಿಲ್ಲ. ಎರಡು ವಾರ ಬರೆದರೆ ತನ್ನ ಮಾಮೂಲು ಎಷ್ಟು ಎಂದು ತಿಳಿಯುತ್ತದೆ. ಯಾವತ್ತಾದರೂ ಮಾಮೂಲಿಗಿಂತ ಏಳೆಂಟು ಹೆಚ್ಚಿಗೆ ಬಂದರೆ, ಜ್ವರವೋ, ನಿದ್ದೆಗೇಡೋ, ಹಿಂದಿನ ದಿನದ ದುಡಿಮೆಯೋ ಎಂದು ವಿಚಾರಿಸಬೇಕು. ಆಮೇಲೆ ಮೂರು ಮಾತು: ನಿದ್ದೆ ಹೇಗಾಯಿತು, ಮೈ ಹೇಗಿದೆ, ಹಸಿವು ಹೇಗಿದೆ. ತನ್ನ ಮಾತಿನಲ್ಲೇ ಬರೆಯಲಿ. ‘ಮೀನಖಂಡ ಹಿಡದಾವು’ ಎಂದೇ ಬರೆಯಲಿ. ಶುದ್ಧ ಕನ್ನಡ ಬೇಕಿಲ್ಲ. ಹೊಲಕ್ಕೆ, ಕೂಲಿಗೆ ಹೋಗಿದ್ದರೆ ಅದನ್ನೂ ಬರೆಯಲಿ. ದಿನವಿಡೀ ಹತ್ತಿ ಬಿಡಿಸಿದ ಹುಡುಗಿ ಸಂಜೆ ಐದು ಕಿಲೋಮೀಟರು ಓಡಿದರೆ ಗಡಿಯಾರ ಬರೆಯುವುದು ಐದನ್ನೇ. ಹತ್ತಿಯ ಲೆಕ್ಕ ಅವಳು ಬರೆಯದಿದ್ದರೆ ಯಾರೂ ಬರೆಯುವುದಿಲ್ಲ.

ಓಟ ಮುಗಿದ ಮೇಲೆ ಗಡಿಯಾರ ನೋಡುವ ಮೊದಲು ಹೇಳಬೇಕು: ಎಷ್ಟು ಕಷ್ಟವಾಯಿತು, ಎಷ್ಟು ಹೊತ್ತಾಗಿರಬಹುದು. ಆಮೇಲೆ ನೋಡಬೇಕು. ಎರಡೂ ಕೂಡಿ ಬಂದರೆ ಒಳ್ಳೆಯದು. ಕೂಡಿ ಬಾರದಿದ್ದರೆ ಅದೇ ಪಾಠ; ಯಾಕೆ ಎಂದು ಇಬ್ಬರೂ ಕೂತು ಮಾತಾಡಬೇಕು. ಹೀಗೆ ನಾಲ್ಕಾರು ತಿಂಗಳು ಮಾಡಿದರೆ ಮೈಯ ಅಂದಾಜು ಗಡಿಯಾರಕ್ಕೆ ಹತ್ತಿರ ಬರುತ್ತದೆ. ಗಡಿಯಾರ ಮೈಗೆ ಅಕ್ಷರ ಕಲಿಸುತ್ತದೆ. ಕಲಿತ ಮೇಲೆ ಅದು ಕೆಡಲಿ, ಕಳೆಯಲಿ, ಚಾರ್ಜು ಮುಗಿಯಲಿ, ಮೈ ತಾನೇ ಓದಿಕೊಳ್ಳುತ್ತದೆ.

ಇಬ್ಬರ ಮಾತೂ ಬೇರೆಯಾದಾಗ ಯಾರ ಮಾತು ನಡೆಯಬೇಕು? ನಮ್ಮ ತೀರ್ಮಾನ ಹೀಗೆ. ವೇಗ ಹೆಚ್ಚಿಸಲು ಮೈ ಆಸೆಪಟ್ಟು ಗಡಿಯಾರ ತಡೆದರೆ, ಗಡಿಯಾರದ ಮಾತು ಕೇಳಬಹುದು. ಗಡಿಯಾರ ಓಡು ಎಂದು ಮೈ ನಿಲ್ಲು ಎಂದರೆ, ಮೈಯ ಮಾತೇ ಕಡೆಯ ಮಾತು. ಎದೆನೋವು, ಕಣ್ಣುಕತ್ತಲೆ, ತಲೆಸುತ್ತು, ಜ್ವರ, ಬೆವರು ನಿಂತು ಮೈ ಕಾಯುವುದು: ಈ ಐದಕ್ಕೆ ಯಾವ ಅಂಕಿಯೂ ಸಮಾಧಾನವಲ್ಲ. ಅಂದರೆ ಎರಡರಲ್ಲಿ ಯಾವುದು ತಡೆಯುತ್ತದೆಯೋ ಅದಕ್ಕೆ ಹೆಚ್ಚು ಬೆಲೆ. ತಲೆಮಾರುಗಳಿಂದ ‘ಇನ್ನೂ ಇನ್ನೂ’ ಎಂದು ತಳ್ಳಿಸಿಕೊಂಡ ಮೈಗೆ ತಳ್ಳುವವರು ಬೇಕಾದಷ್ಟಿದ್ದಾರೆ, ತಡೆಯುವವರು ಬೇಕು.

ಈ ಮಾತಿಗೆ ಒಂದು ಆಕ್ಷೇಪ ಬರುತ್ತದೆ. ನಿಂತವನಿಗೆ ನೌಕರಿ ಸಿಗುವುದಿಲ್ಲವಲ್ಲ? ನಿಜ. ನೋಟುಬುಕ್ಕಿನಿಂದ ಹಸಿವು ತೀರುವುದಿಲ್ಲ. ಆದ್ದರಿಂದಲೇ ಈ ಸಮತೋಲನದ ಹೊಣೆಯನ್ನು ಓಡುವ ಹುಡುಗನೊಬ್ಬನ ಹೆಗಲ ಮೇಲೆ ಹೊರಿಸಲು ನಾವು ಒಪ್ಪುವುದಿಲ್ಲ. ಭರ್ತಿಯ ಮೈದಾನದಲ್ಲಿ ನೆರಳು, ನೀರು, ಡಾಕ್ಟರು ಇರಬೇಕು. ಬಿಸಿಲೇರುವ ಮೊದಲು ಓಟ ಮುಗಿಯಬೇಕು. ಅಂದು ಜ್ವರ ಬಂದವನಿಗೆ ಇನ್ನೊಂದು ದಿನ ಕೊಡಬೇಕು. ತಾಲೂಕಿಗೊಂದು ಮಣ್ಣಿನ ಓಟದ ಹಾದಿ, ಓಡುವ ಮಕ್ಕಳಿಗೆ ರಕ್ತಪರೀಕ್ಷೆ, ಒಂದು ತತ್ತಿ. ಇವು ಕೇಳಬಾರದ ದೊಡ್ಡ ವರಗಳಲ್ಲ. ನಿಲ್ಲುವ ಸ್ವಾತಂತ್ರ್ಯ ಎಂದು ನಾವು ಕರೆದದ್ದು ಹೀಗೆ ಬಿಡಿಬಿಡಿಯಾಗಿಯೇ ಬರುತ್ತದೆ, ಕೇಳಿದರೆ ಬರುತ್ತದೆ.

ಗೆಳೆಯರೇ, ನಮ್ಮ ಮೈ ನಮ್ಮದು ಎಂಬುದನ್ನು ನಾವು ಘೋಷಣೆಯಲ್ಲಿ ಹೇಳಿದ್ದೇವೆ. ಅದನ್ನು ದಿನದ ರೂಢಿಯಲ್ಲಿ ಹೇಳುವುದು ಕಷ್ಟದ ಕೆಲಸ. ಒಬ್ಬ ಹುಡುಗಿ ನಸುಕಿನಲ್ಲಿ ಎದ್ದು ತನ್ನ ನಾಡಿ ತಾನೇ ಎಣಿಸಿ, ‘ಇವತ್ತು ಮೈ ಭಾರ ಐತಿ, ಓಡೂದಿಲ್ಲ’ ಎಂದು ತನ್ನ ಕೈಬರಹದಲ್ಲಿ ಬರೆದು, ಹೆದರದೆ ಅದನ್ನು ತನ್ನ ಮಾಸ್ತರಿಗೆ ತೋರಿಸಬೇಕು. ಮಾಸ್ತರು ಅದನ್ನು ಓದಿ ‘ಹೂಂ, ನಾಳೆ ನೋಡೋಣ’ ಅನ್ನಬೇಕು. ಅವಳನ್ನು ಯಾರೂ ಮೈಗಳ್ಳಿ ಎನ್ನಬಾರದು. ಇಷ್ಟಾದರೆ ಗಡಿಯಾರ ಇರಲಿ, ಇಲ್ಲದಿರಲಿ, ಆ ಮೈಯ ಲೆಕ್ಕ ಅವಳದಾಗುತ್ತದೆ.